ಸೂಳೆಕೆರೆಯ ಏರಿಯ ಮೇಲೆ: ದೇಹದ ಶೋಧನೆ ಹಾಗೂ ಧರ್ಮಸಭೆಯ ನೆನಪು

1. ಒಂದು ಕೆರೆಯ ಹೆಸರು

ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿಗೆ ಸೇರಿದ ಬಸವಾಪಟ್ಟಣ ಒಂದು ಕಾಲದಲ್ಲಿ ಪಾಳೆಯಗಾರ ನಾಯಕರ ರಾಜಧಾನಿಯಾಗಿತ್ತು. ಆ ಮನೆತನ ಮುಂದೆ ತರೀಕೆರೆಗೆ ಸರಿದು ಅಲ್ಲಿ ಆಳಿತು. ನಾಯಕರ ಆಳ್ವಿಕೆ ಮುಗಿದು ಶತಮಾನಗಳೇ ಕಳೆದಿವೆ. ಆದರೆ ನಾಯಕರಿಗಿಂತ ಹಳೆಯದಾದ ಒಂದು ಕೆರೆ ಇಂದಿಗೂ ಈ ಸೀಮೆಯ ಗದ್ದೆ ತೋಟಗಳಿಗೆ ನೀರುಣಿಸುತ್ತಿದೆ. ದೂರದ ಚಿತ್ರದುರ್ಗ ನಗರಕ್ಕೂ ಕುಡಿಯುವ ನೀರನ್ನು ಒದಗಿಸುತ್ತಿದೆ. ಎರಡು ಗುಡ್ಡಗಳ ನಡುವೆ, ಹರಿದ್ರಾ ಹಳ್ಳಕ್ಕೆ ಅಡ್ಡಲಾಗಿ, ಉದ್ದದಲ್ಲಿ ಹೆಚ್ಚೇನಿಲ್ಲದ ಆದರೆ ಎತ್ತರದಲ್ಲೂ ದಪ್ಪದಲ್ಲೂ ಭಾರಿಯಾದ ಏರಿಯನ್ನು ಕಟ್ಟಿ ನಿಲ್ಲಿಸಿದ ನೀರು ಅದು. ವಿಸ್ತಾರ ಸುಮಾರು 6,500 ಎಕರೆ. 11–12ನೆಯ ಶತಮಾನದ ಕಾಲದ್ದೆಂದು ಸಾಮಾನ್ಯವಾಗಿ ಹೇಳಲಾಗುವ ಈ ಕೆರೆಗೆ ಇಂದು ಶಾಂತಿಸಾಗರವೆಂಬ ಹೆಸರಿದೆ. ಜನರು ಮಾತ್ರ ಅದನ್ನು ಸೂಳೆಕೆರೆ ಎಂದೇ ಕರೆಯುತ್ತಾರೆ.

ಕೆಲವು ವರ್ಷಗಳ ಹಿಂದೆ ನಾವು ಒಂದಿಷ್ಟು ಗುರುವಿದ್ಯಾರ್ಥಿಗಳೊಡನೆ ಬಸವಾಪಟ್ಟಣದ ಕಡೆಯಿಂದ ಈ ಕೆರೆಯ ಏರಿಯ ಮೇಲೆ ಬಂದಿದ್ದೆವು. ಅಲ್ಲಿ ಕುಳಿತಿದ್ದ ವೃದ್ಧ ರೈತರೊಬ್ಬರೊಡನೆ ಮಾತನಾಡುವಾಗ ಒಬ್ಬ ವಿದ್ಯಾರ್ಥಿ ಎಚ್ಚರಿಕೆಯಿಂದ "ಶಾಂತಿಸಾಗರ" ಎಂದ. ಹಿರಿಯರು ನಕ್ಕು, "ಸೂಳೆಕೆರೆ ಅಂತಾನೇ ಅನ್ರಿ ಸ್ವಾಮಿ. ಅವ್ರು ಜಾಗ ಬಿಟ್ಟುಕೊಟ್ಟಿದ್ದಕ್ಕೇ ನಮಗೆ ನೀರು ಐತಿ" ಎಂದರು. ಹುಡುಗನ ಮುಖ ಕೆಂಪಾಯಿತು. ನಮಗೂ ಆ ಕ್ಷಣ ಮುಜುಗರವಾಗಿತ್ತೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಹಿರಿಯರು ಸೂಚಿಸಿದ ಕಥೆಯ ಪಾಠಗಳು ಹಲವು. ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರಿನಲ್ಲೂ ಅದು ದಾಖಲಾಗಿದೆ. ಸ್ವರ್ಗಾವತಿ ಪಟ್ಟಣದ ದೊರೆ ವಿಕ್ರಮರಾಯನಿಗೆ ಶಾಂತವ್ವೆ ಎಂಬ ಮಗಳಿದ್ದಳು. ಅವಳು ಸಿದ್ಧೇಶ್ವರನ ಸಂಗ ಬಯಸಿದಳೆಂದು ತಂದೆ ಅವಳನ್ನು ಸೂಳೆಯೆಂದು ಜರೆದ. ಅವಳು ಪ್ರಾಯಶ್ಚಿತ್ತವಾಗಿ ಕೆರೆ ಕಟ್ಟಿಸಲು ಹೊರಟಾಗ, ಬೇಕಾದ ಭೂಮಿ ವೇಶ್ಯೆಯರ ವಶದಲ್ಲಿತ್ತು. ಕೆರೆಗೆ ತಮ್ಮ ಹೆಸರು ಉಳಿಯಬೇಕೆಂಬ ಒಂದೇ ಷರತ್ತಿನ ಮೇಲೆ ಅವರು ಅದನ್ನು ಬಿಟ್ಟುಕೊಟ್ಟರು. ಕಥೆಯಲ್ಲಿ ಎಷ್ಟು ಚರಿತ್ರೆ ಎಂಬುದು ಬೇರೆ ಮಾತು. ಯಾರ ಹೆಸರನ್ನು ಸಭ್ಯರು ಬಾಯಲ್ಲಿ ಆಡಲಾರರೋ ಅವರೇ "ನಮ್ಮ ಹೆಸರನ್ನು ಅಳಿಸಬೇಡಿ" ಎಂದು ಕೇಳಿಕೊಂಡರೆಂಬುದನ್ನು ಈ ಸೀಮೆಯ ಜನ ಮರೆಯದೆ ಕಾಪಾಡಿಕೊಂಡು ಬಂದಿರುವುದು ಮಾತ್ರ ದಿಟ.

ಕಾಮದ ಶೋಧನೆಯನ್ನು ವಿಶ್ವಾಸದ ಬಲದಿಂದ ಗೆಲ್ಲುವ ಬಗೆಯನ್ನು ಗುರುಮಠದಲ್ಲಿ ಬೋಧಿಸುವುದು ನಮ್ಮ ಕೆಲಸಗಳಲ್ಲೊಂದು. ಈ ವಿಷಯದಲ್ಲಿ ಧರ್ಮಸಭೆಯ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ವೀರರ ಚರಿತ್ರೆಯಾಗಿ ಹೇಳುತ್ತೇವೆ: ಸಂತರು ಹೋರಾಡಿದರು, ಗೆದ್ದರು. ಆ ಹೋರಾಟದ ಇನ್ನೊಂದು ಬದಿಯಲ್ಲಿ ನಿಂತಿದ್ದವಳು ಯಾರು, ಅವಳಿಗೆ ಏನಾಯಿತು ಎಂದು ಕೇಳುವುದಿಲ್ಲ. ಆ ಪ್ರಶ್ನೆಯನ್ನು ಇಟ್ಟುಕೊಂಡು ನಮ್ಮ ಪರಂಪರೆಯನ್ನು ಮತ್ತೊಮ್ಮೆ ಓದುವುದು ಈ ಲೇಖನದ ಉದ್ದೇಶ.

2. ಮರುಭೂಮಿಯ ಪಾಠ

ಕರ್ತರ ಪ್ರಾರ್ಥನೆಯಲ್ಲಿ ಕನ್ನಡ ಕ್ರೈಸ್ತರು ಬಳಸುವ ಪದ "ಶೋಧನೆ". ಸೋಸುವುದು, ಶುದ್ಧಗೊಳಿಸುವುದು, ಒಳಗಿರುವುದನ್ನು ಹುಡುಕಿ ತೆಗೆಯುವುದು ಎಂಬ ಅರ್ಥಗಳೂ ಅದಕ್ಕಿವೆ. ಪ್ರಲೋಭನೆ ಎಂದಾಗ ಆಮಿಷ ಒಡ್ಡಿದವರ ಮೇಲೆ ಕಣ್ಣು ಹೋಗುತ್ತದೆ. ಶೋಧನೆ ಎಂದಾಗ ಶೋಧನೆಗೆ ಒಳಗಾದವನ ಹೃದಯದ ಮೇಲೆ. ಈ ಎರಡನೆಯ ದೃಷ್ಟಿಯನ್ನು ಮೊದಲು ಕ್ರಮಬದ್ಧವಾಗಿ ಬೆಳೆಸಿದವರು 4ನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ನೆಲೆಸಿದ್ದ ತಪಸ್ವಿಗಳು.

ಸ್ತ್ರೀಯರಿಲ್ಲದ ಕಡೆಗೆ ಹೋದರೂ ಕಾಮ ತಮ್ಮನ್ನು ಬಿಡಲಿಲ್ಲವೆಂಬುದೇ ಅವರು ಕಂಡುಕೊಂಡ ಮೊದಲ ಸಂಗತಿ. ಆದ್ದರಿಂದ ಇವಾಗ್ರಿಯುಸ್ (345–399) ಹೊರಗಿನ ವಸ್ತುವಿಗಿಂತ ಒಳಗಿನ ಆಲೋಚನೆಗಳನ್ನು ಪರಿಶೀಲಿಸಿ ಎಂಟು ದುರಾಲೋಚನೆಗಳ ಪಟ್ಟಿ ಮಾಡಿದರು, ಕಾಮ ಅವುಗಳಲ್ಲೊಂದು. ಆಲೋಚನೆ ಬರುವುದು ನಮ್ಮ ಕೈಯಲ್ಲಿಲ್ಲ, ಅದನ್ನು ಉಳಿಸಿಕೊಂಡು ಬೆಳೆಸುವುದು ನಮ್ಮ ಕೈಯಲ್ಲಿದೆ ಎಂಬ ಅವರ ವಿವೇಚನೆ ಇಂದಿಗೂ ಪಾಪನಿವೇದನೆಯ ಪೀಠದಲ್ಲಿ ಉಪಯುಕ್ತ.

ಈ ಮರುಭೂಮಿಯ ಗುರುಗಳಲ್ಲಿ ಮಾತೆಯರೂ ಇದ್ದರು. ಅಮ್ಮಾ ಸಾರಾ ಹದಿಮೂರು ವರ್ಷ ಕಾಮದ ಶೋಧನೆಯನ್ನು ಎದುರಿಸಿದರೆಂದೂ, ಆ ಯುದ್ಧ ನಿಲ್ಲಲೆಂದು ಒಮ್ಮೆಯೂ ಬೇಡದೆ ಎದುರಿಸುವ ಬಲವನ್ನಷ್ಟೇ ಬೇಡಿದರೆಂದೂ ಸಂಪ್ರದಾಯ ಹೇಳುತ್ತದೆ. ಶೋಧನೆಯೆಂದರೆ ಪುರುಷ ಎದುರಿಸತಕ್ಕದ್ದು, ಸ್ತ್ರೀ ಒಡ್ಡತಕ್ಕದ್ದು ಎಂಬ ಭಾವನೆಗೆ ಈ ಒಂದು ಜೀವನವೇ ಸಾಕಷ್ಟು ಉತ್ತರ.

ಸಂತ ಕಾಸ್ಸಿಯಾನುಸ್ (ಸುಮಾರು 360–435) ಆ ಪರಂಪರೆಯನ್ನು ಪಶ್ಚಿಮಕ್ಕೆ ತಂದವರು. ಅವರ "ಸಂಭಾಷಣೆ"ಗಳಲ್ಲಿ ಬರುವ ಒಂದು ಘಟನೆಯನ್ನು ನಮ್ಮಂಥ ಗುರುಗಳು ವರ್ಷಕ್ಕೊಮ್ಮೆಯಾದರೂ ನೆನೆಯಬೇಕು. ಯುವ ಸನ್ಯಾಸಿಯೊಬ್ಬ ತನ್ನನ್ನು ಕಾಡುತ್ತಿದ್ದ ಕಾಮದ ಆಲೋಚನೆಗಳನ್ನು ಹಿರಿಯರೊಬ್ಬರ ಮುಂದೆ ತೋಡಿಕೊಂಡ. ಆ ಹಿರಿಯರು ಅವನನ್ನು ಸನ್ಯಾಸಕ್ಕೇ ಅಯೋಗ್ಯನೆಂದು ಬೈದರು. ಹತಾಶನಾದ ಯುವಕ ಮಠವನ್ನು ಬಿಟ್ಟು ಊರಿನ ದಾರಿ ಹಿಡಿದ. ದಾರಿಯಲ್ಲಿ ಎದುರಾದ ಅಬ್ಬಾ ಅಪೊಲ್ಲೋ ಅವನ ಬಾಡಿದ ಮುಖ ನೋಡಿ ಕಾರಣ ಕೇಳಿದರು. ಈ ವಯಸ್ಸಿನಲ್ಲಿ ತಮಗೂ ಅಂಥ ಆಲೋಚನೆಗಳು ಬರುತ್ತವೆಂದು ಹೇಳಿ ಅವನನ್ನು ಸಂತೈಸಿ ಹಿಂದಕ್ಕೆ ಕಳುಹಿಸಿದರು. ಬಳಿಕ ಆ ಹಿರಿಯರ ಗುಡಿಸಲ ಬಳಿ ನಿಂತು, ಯುವಕನ ಶೋಧನೆ ಈ ವೃದ್ಧರಿಗೆ ಬರಲೆಂದು ಪ್ರಾರ್ಥಿಸಿದರು. ಸ್ವಲ್ಪ ಹೊತ್ತಿನಲ್ಲೇ ಆ ವೃದ್ಧರು ಮತಿಗೆಟ್ಟವರಂತೆ ಹೊರಬಂದು ಯುವಕ ಹಿಡಿದಿದ್ದ ದಾರಿಯನ್ನೇ ಹಿಡಿದರು.

ಆ ಯುವಕನನ್ನು ಮಠದಿಂದ ಹೊರಗೆ ದಬ್ಬಿದ್ದು ಕಾಮವಲ್ಲ, ಹಿರಿಯರ ಮಾತು. ನಮ್ಮ ಧರ್ಮಕೇಂದ್ರಗಳಲ್ಲಿ ಪಾಪನಿವೇದನೆಯಿಂದ ದೂರ ಸರಿದ ಯುವಕರ ಬಗ್ಗೆ ಮಾತನಾಡುವಾಗ ಇದು ನಮ್ಮ ನೆನಪಿನಲ್ಲಿರಲಿ.

3. ಅಗುಸ್ತೀನರು ಹೆಸರಿಸದ ಸ್ತ್ರೀ

ಕಾಮದ ಮೇಲಿನ ಜಯಕ್ಕೆ ನಿದರ್ಶನ ಬೇಕಾದಾಗ ನಾವೆಲ್ಲರೂ ಕೈಚಾಚುವ ಗ್ರಂಥ ಸಂತ ಅಗುಸ್ತೀನರ (354–430) "ನಿವೇದನೆಗಳು". 386ರಲ್ಲಿ, ಮಿಲಾನ್ ನಗರದ ಒಂದು ತೋಟದಲ್ಲಿ, ಎರಡಾಗಿ ಸೀಳಿದ್ದ ಅವರ ಸಂಕಲ್ಪ ರೋಮನರಿಗೆ ಬರೆದ ಪತ್ರದ 13ನೆಯ ಅಧ್ಯಾಯವನ್ನು ಓದಿದೊಡನೆ ಒಂದಾಯಿತು. ಮರುವರ್ಷ ಪಾಸ್ಕದಲ್ಲಿ ಸಂತ ಅಂಬ್ರೋಸರಿಂದ ಅವರು ದೀಕ್ಷಾಸ್ನಾನ ಪಡೆದರು. ಸ್ವಂತ ಬಲದಿಂದ ಆಗದ್ದು ವರಪ್ರಸಾದದಿಂದ ಆಯಿತು ಎಂಬುದು ಅವರ ಸಾಕ್ಷ್ಯ. ಧರ್ಮಸಭೆ ಈ ವಿಷಯದಲ್ಲಿ ಬೋಧಿಸುವುದರ ತಿರುಳೂ ಇದೇ.

ಆದರೆ ಆ ತೋಟದ ಘಟನೆಗೆ ಸ್ವಲ್ಪ ಮುಂಚೆ ನಡೆದದ್ದನ್ನು ನಮ್ಮ ಪ್ರಸಂಗಗಳು ಹೇಳುವುದಿಲ್ಲ. ಕಾರ್ಥೇಜಿನ ವಿದ್ಯಾರ್ಥಿ ದಿನಗಳಿಂದ ಮೊದಲ್ಗೊಂಡು ಹತ್ತು ವರ್ಷಕ್ಕೂ ಮಿಕ್ಕಿ ಒಬ್ಬ ಸ್ತ್ರೀ ಅಗುಸ್ತೀನರೊಡನೆ ಬಾಳಿದ್ದಳು. ಅವರ ಮಗ ಅದೆಯೊದಾತುಸ್‌ನ ತಾಯಿ ಅವಳು. ಅಂತಸ್ತಿಗೆ ತಕ್ಕ ವಿವಾಹ ಗೊತ್ತಾದಾಗ ಅವಳು ಅಡ್ಡಿಯೆನಿಸಿದಳು. ಮಗನನ್ನು ತಂದೆಯ ಬಳಿ ಬಿಟ್ಟು ಆಫ್ರಿಕಕ್ಕೆ ಹಿಂದಿರುಗಿದಳು. ಹೋಗುವಾಗ ಇನ್ನೊಬ್ಬ ಪುರುಷನನ್ನು ಅರಿಯೆನೆಂದು ದೇವರಿಗೆ ಹರಕೆ ಹೊತ್ತಳು. ಅಗುಸ್ತೀನರಿಗೆ ಅವಳನ್ನು ಅನುಸರಿಸಲಾಗಲಿಲ್ಲ. ಗೊತ್ತಾಗಿದ್ದ ಹುಡುಗಿಗೆ ವಿವಾಹದ ವಯಸ್ಸು ಬರಲು ಇನ್ನೂ ಎರಡು ವರ್ಷ ಬೇಕಿತ್ತು. ಅಷ್ಟರಲ್ಲೇ ಅವರು ಇನ್ನೊಬ್ಬಳನ್ನು ಇಟ್ಟುಕೊಂಡರು. ಇದನ್ನೆಲ್ಲ ಮುಚ್ಚಿಡದೆ ಬರೆದವರು ಅಗುಸ್ತೀನರೇ. ಅವಳ ಅಗಲಿಕೆಯಿಂದ ತಮ್ಮ ಹೃದಯಕ್ಕಾದ ಗಾಯವನ್ನೂ ಅವರು ಬಣ್ಣಿಸಿದ್ದಾರೆ. ಅವಳ ಹೆಸರನ್ನು ಮಾತ್ರ ಎಲ್ಲಿಯೂ ಹೇಳಲಿಲ್ಲ.

ಅವಳ ಮಾನ ಕಾಯಲೆಂದೇ ಹೆಸರನ್ನು ಮರೆಮಾಚಿರಬಹುದೆಂದು ವಾದಿಸುವವರಿದ್ದಾರೆ; ಅದು ಅಸಾಧ್ಯವೇನಲ್ಲ. ಆದರೂ ಘಟನೆಗಳ ಕ್ರಮ ಸ್ಪಷ್ಟವಾಗಿದೆ: ಆ ಮನೆಯಲ್ಲಿ ಮೊದಲು ಶೋಧನೆಯನ್ನು ಗೆದ್ದವಳು ಅವಳು. ಮುಂದೆ ಧರ್ಮಸಭೆಯ ಮಹಾಪಂಡಿತರಾದವರು ಆ ಹೊತ್ತಿನಲ್ಲಿ ಸೋತಿದ್ದರು. ನಾವು ಅಗುಸ್ತೀನರ ವಿಜಯವನ್ನು ಬೋಧಿಸುತ್ತ ಬಂದಿದ್ದೇವೆ, ಅವಳ ವಿಜಯವನ್ನು ಅಡಿಟಿಪ್ಪಣಿಗೂ ಸೇರಿಸಲಿಲ್ಲ.

4. ಗುಟ್ಟನ್ನು ಬಯಸುವ ಶತ್ರು

ಅಗುಸ್ತೀನರ ಬಳಿಕದ ಸಾವಿರ ವರ್ಷಗಳಲ್ಲಿ ಪಾಪನಿವೇದನೆ ಖಾಸಗಿ ಸಂಸ್ಕಾರವಾಗಿ ರೂಪುಗೊಂಡಿತು. 1215ರ ನಾಲ್ಕನೆಯ ಲಾತೆರನ್ ಮಹಾಸಭೆ ಅದನ್ನು ವರ್ಷಕ್ಕೊಮ್ಮೆಯಾದರೂ ಕಡ್ಡಾಯಗೊಳಿಸಿತು. 1546ರಲ್ಲಿ ತ್ರೆಂತ್ ಮಹಾಸಭೆ ಒಂದು ಬೋಧನೆಯನ್ನು ಖಚಿತಪಡಿಸಿತು: ದೀಕ್ಷಾಸ್ನಾನದ ಬಳಿಕವೂ ದುರಾಶೆಯ ಸೆಳೆತ ನಮ್ಮಲ್ಲಿ ಉಳಿಯುತ್ತದೆ, ಆದರೆ ಅದು ತನ್ನಷ್ಟಕ್ಕೇ ಪಾಪವಲ್ಲ, ಸಮ್ಮತಿಸದವರಿಗೆ ಅದು ಹಾನಿ ಮಾಡಲಾರದು, ಹೋರಾಟಕ್ಕಾಗಿಯೇ ಅದನ್ನು ಉಳಿಸಲಾಗಿದೆ. ತನ್ನ ದೇಹವನ್ನೇ ಶತ್ರುವೆಂದು ಭಾವಿಸಿ ಕೊರಗುವ ಹದಿನೆಂಟರ ಹುಡುಗನಿಗೆ ಈ ಮಾತು ತಲುಪಿದರೆ ಅವನ ಅರ್ಧ ಭಾರ ಇಳಿಯುತ್ತದೆ.

ಅದೇ ಕಾಲದಲ್ಲಿ, 1548ರಲ್ಲಿ, ಮೂರನೆಯ ಪೌಲ್ ಜಗದ್ಗುರುಗಳ ಅನುಮೋದನೆ ಪಡೆದದ್ದು ಸಂತ ಇಗ್ನಾಸಿಯವರ "ಆಧ್ಯಾತ್ಮಿಕ ಸಾಧನೆಗಳು". ಅದರ ವಿವೇಚನಾ ನಿಯಮಗಳಲ್ಲೊಂದು ವೈರಿಯನ್ನು ಕಪಟ ಪ್ರಣಯಿಗೆ ಹೋಲಿಸುತ್ತದೆ. ಒಳ್ಳೆಯ ಮನೆಯ ಹೆಣ್ಣನ್ನು ಕೆಡಿಸಲು ಬಂದವನು ತನ್ನ ಮಾತು ಗುಟ್ಟಾಗಿರಲೆಂದು ಬಯಸುತ್ತಾನೆ. ಅವಳು ತಂದೆಗೋ ಗಂಡನಿಗೋ ಹೇಳಿಬಿಟ್ಟರೆ ಅವನ ಆಟ ಮುಗಿಯಿತು. ಹಾಗೆಯೇ ಶೋಧನೆಯೂ ತಕ್ಕವರ ಮುಂದೆ ಬಾಯಿಬಿಟ್ಟು ಹೇಳಿದೊಡನೆ ಬಲ ಕಳೆದುಕೊಳ್ಳುತ್ತದೆ. ಇಲ್ಲಿ ಕೆಡಿಸುವವನು ಪುರುಷ, ಕೆಡುಕಿಗೆ ಗುರಿಯಾಗುವವಳು ಸ್ತ್ರೀ ಎಂಬುದನ್ನು ಗಮನಿಸಬೇಕು. ಓದುವ ಪ್ರತಿಯೊಬ್ಬ ಪುರುಷನ ಆತ್ಮವೂ ಆ ಸ್ತ್ರೀಯ ಸ್ಥಾನದಲ್ಲಿ ನಿಲ್ಲುತ್ತದೆ.

ಈ ಸಾಧನೆಗಳಲ್ಲಿ ಪಳಗಿದವರೇ ಸರಿಸುಮಾರು ನೂರು ವರ್ಷಗಳ ಬಳಿಕ ಕನ್ನಡ ನಾಡಿನ ಒಳಭಾಗಕ್ಕೆ ಬಂದರು. ಇಟಲಿಯ ಯೇಸುಸಭೆಯ ಗುರು ಲಿಯೊನಾರ್ದೊ ಚಿನ್ನಮಿ 1648ರ ಸುಮಾರಿಗೆ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಶನ್ನಿಗೆ ಅಡಿಪಾಯ ಹಾಕಿದರು. ಕನ್ನಡ ವ್ಯಾಕರಣ, ನಿಘಂಟು, ಧರ್ಮೋಪದೇಶಗಳನ್ನು ಬರೆದರು. ಮಧುರೆಯಲ್ಲಿ ರೊಬೆರ್ತೊ ದೆ ನೊಬಿಲಿಯವರು ಹಾಕಿಕೊಟ್ಟ ಮಾರ್ಗದಲ್ಲಿ ಅವರೂ ಸನ್ಯಾಸಿಯ ಉಡುಗೆ ಧರಿಸಿ ಮಾಂಸಾಹಾರ ತ್ಯಜಿಸಿ ಬಾಳಿದರು.

ಸನ್ಯಾಸಿಯ ಬ್ರಹ್ಮಚರ್ಯವನ್ನು ಗೌರವಿಸಲು ಈ ನಾಡಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಇಲ್ಲಿನ ಅಕ್ಕಮಹಾದೇವಿ ಅರಸನ ಅರಮನೆಯನ್ನು ತೊರೆದವಳು. 12ನೆಯ ಶತಮಾನದ ಶರಣೆಯರ ಸಾಲಿನಲ್ಲಿ ಸೂಳೆ ಸಂಕವ್ವೆ ತನ್ನ ವೃತ್ತಿಯ ಹೆಸರಿನೊಡನೆಯೇ ಗೌರವದ ಸ್ಥಾನ ಪಡೆದವಳು. ಯೇಸುಸಭೆಯವರು ಹೊಸದಾಗಿ ತಂದದ್ದೆಂದರೆ ಒಳಗಿನ ಶೋಧನೆಯನ್ನು ಮತ್ತೊಬ್ಬ ಮನುಷ್ಯನ ಮುಂದೆ ಹೇಳಿಕೊಂಡು, ಕ್ರಿಸ್ತರ ಹೆಸರಿನಲ್ಲಿ ಕ್ಷಮೆಯ ಮಾತನ್ನು ಕಿವಿಯಾರೆ ಕೇಳುವ ಸಂಸ್ಕಾರ.

5. ಅಳಿಸಿದ ಹೆಸರು, ಉಳಿಸಿದ ಹೆಸರು

ಹೆಸರಿನ ಪ್ರಶ್ನೆಗೆ ಹಿಂದಿರುಗೋಣ. 591ರಲ್ಲಿ ಮಹಾ ಗ್ರೆಗೋರಿ ಜಗದ್ಗುರುಗಳು ಮಾಡಿದ ಒಂದು ಪ್ರಸಂಗದಲ್ಲಿ ಮಗ್ದಲದ ಮರಿಯಳನ್ನೂ, ಲೂಕನ ಶುಭಸಂದೇಶದ 7ನೆಯ ಅಧ್ಯಾಯದಲ್ಲಿ ಬರುವ ಹೆಸರಿಲ್ಲದ ಪಾಪಿ ಸ್ತ್ರೀಯನ್ನೂ ಒಬ್ಬಳೇ ಎಂದು ಹೇಳಿದರು. ಅಂದಿನಿಂದ ಪಶ್ಚಿಮದ ಧರ್ಮಸಭೆಯ ಕಲ್ಪನೆಯಲ್ಲಿ ಪುನರುತ್ಥಾನದ ಮೊದಲ ಸಾಕ್ಷಿ ಪಶ್ಚಾತ್ತಾಪಪಟ್ಟ ವೇಶ್ಯೆಯಾಗಿಬಿಟ್ಟಳು. 1969ರ ಪೂಜಾವರ್ಷದ ಪರಿಷ್ಕರಣೆ ಈ ಬೆರಕೆಯನ್ನು ಬಿಡಿಸಿತು. 2016ರಲ್ಲಿ ಫ್ರಾನ್ಸಿಸ್ ಜಗದ್ಗುರುಗಳು ಅವಳ ಸ್ಮರಣೆಯನ್ನು ಪ್ರೇಷಿತರದಕ್ಕೆ ಸಮನಾದ ಹಬ್ಬದ ದರ್ಜೆಗೆ ಏರಿಸಿದರು. ಒಬ್ಬ ಸ್ತ್ರೀಯ ಹೆಸರಿಗೆ ಅಂಟಿಸಿದ್ದನ್ನು ತೆಗೆಯಲು ನಮಗೆ ಹದಿನಾಲ್ಕು ಶತಮಾನ ಬೇಕಾಯಿತು.

ಶುಭಸಂದೇಶ ಈ ವಿಷಯದಲ್ಲಿ ನಮಗಿಂತ ಧೈರ್ಯಶಾಲಿ. ಮತ್ತಾಯನು ಪ್ರಭುವಿನ ವಂಶಾವಳಿಯಲ್ಲಿ ತಾಮಾರಳನ್ನೂ ಜೆರಿಕೋವಿನ ವೇಶ್ಯೆ ರಾಹಾಬಳನ್ನೂ ಹೆಸರಿಸುತ್ತಾನೆ. ಬತ್ಷೇಬಳ ಸರದಿ ಬಂದಾಗ ಮಾತ್ರ ಅವಳನ್ನು ಊರೀಯನ ಹೆಂಡತಿ ಎನ್ನುತ್ತಾನೆ. ಅದು ಅವಳನ್ನು ಮರೆಮಾಚಲು ಅಲ್ಲ. ಮಾಳಿಗೆಯ ಮೇಲಿಂದ ನೋಡಿದ, ಆಳುಗಳನ್ನು ಕಳುಹಿಸಿ ಕರೆತರಿಸಿದ, ಕೊನೆಗೆ ಗಂಡನನ್ನೇ ಕೊಲ್ಲಿಸಿದ ದಾವೀದನ ಪಾಪ ಮರೆಯಾಗದಿರಲೆಂದು ಎಂದು ನಾವು ಓದುತ್ತೇವೆ. ದಾವೀದನ ಕಥೆಯನ್ನು ನಾವು "ಸ್ತ್ರೀಯ ಸೌಂದರ್ಯ ಒಡ್ಡಿದ ಶೋಧನೆ" ಎಂದು ಹೇಳುತ್ತ ಬಂದಿದ್ದೇವೆ. ಪ್ರವಾದಿ ನಾತಾನನು ಹಾಗೆ ಹೇಳಲಿಲ್ಲ. ಬಡವನ ಒಂದೇ ಕುರಿಮರಿಯನ್ನು ಕಸಿದುಕೊಂಡ ಸಿರಿವಂತನ ಕಥೆಯಾಗಿ ಅದನ್ನು ಹೇಳಿದನು. ಅಂದರೆ ಅಲ್ಲಿದ್ದದ್ದು ಕಾಮವಷ್ಟೇ ಅಲ್ಲ, ಅಧಿಕಾರದ ದುರ್ಬಳಕೆ.

ಬಸವಾಪಟ್ಟಣದ ಸೀಮೆಗೆ ಇದು ದೂರದ ಮಾತಲ್ಲ. ಇಲ್ಲಿಂದ ಉತ್ತರಕ್ಕಿರುವ ಉಚ್ಚಂಗಿದುರ್ಗದಲ್ಲಿ ಬಡ ಮನೆಗಳ ಹೆಣ್ಣುಮಕ್ಕಳನ್ನು ದೇವದಾಸಿಯರಾಗಿ ಬಿಡುವ ಪದ್ಧತಿ ನಮ್ಮ ಕಾಲದವರೆಗೂ ಉಳಿದುಬಂದಿತ್ತು. ಅದನ್ನು ನಿಷೇಧಿಸಲು ಕರ್ನಾಟಕ 1982ರಲ್ಲಿ ಕಾಯ್ದೆ ಮಾಡಬೇಕಾಯಿತು. ಪುರುಷರ ಬಯಕೆಯ ಬೆಲೆಯನ್ನು ಯಾರು ತೆತ್ತರೆಂಬುದು ಅಲ್ಲಿ ಕಣ್ಣೆದುರಿಗೇ ಇದೆ. ಕ್ರೈಸ್ತರಾದ ನಾವು ಇದನ್ನು ಅನ್ಯರ ದೋಷವೆಂದು ಬೆರಳು ತೋರಿಸುವಂತಿಲ್ಲ. ಗುರುಗಳ ಕೈಯಲ್ಲೇ ಮಕ್ಕಳೂ ಸ್ತ್ರೀಯರೂ ನೊಂದದ್ದನ್ನು, ಹಿರಿಯರು ಅದನ್ನು ಮುಚ್ಚಿಟ್ಟದ್ದನ್ನು ಜಗತ್ತೇ ಕಂಡಿದೆ. 2019ರಲ್ಲಿ ಫ್ರಾನ್ಸಿಸ್ ಜಗದ್ಗುರುಗಳು "ನೀವು ಜಗತ್ತಿಗೆ ಬೆಳಕು" ಎಂಬ ಆಜ್ಞಾಪತ್ರದ ಮೂಲಕ ಇಂಥ ಅಪರಾಧ ತಿಳಿದ ಗುರುಗಳೂ ಸನ್ಯಾಸಿಗಳೂ ವರದಿ ಮಾಡಲೇಬೇಕೆಂದು ವಿಧಿಸಿದರು. ಗುಟ್ಟು ಶೋಧನೆಯನ್ನು ಬಲಪಡಿಸುತ್ತದೆಂದು ಇಗ್ನಾಸಿಯವರು ವ್ಯಕ್ತಿಗೆ ಹೇಳಿದ್ದು ಸಂಸ್ಥೆಗೂ ಅನ್ವಯಿಸುತ್ತದೆಂಬುದನ್ನು ನಾವು ಬಹಳ ಕಷ್ಟಪಟ್ಟು ಕಲಿತೆವು.

6. ಗುರುಮಠದ ಪಾಠದ ಕೋಣೆಯಲ್ಲಿ

ಪಾಠ ಮಾಡತೊಡಗಿದ ಮೊದಲ ವರ್ಷಗಳಲ್ಲಿ ನಾವು ಈ ವಿಷಯವನ್ನು ಬೇಗನೆ ಮುಗಿಸಿಬಿಡುತ್ತಿದ್ದೆವು: ಕಣ್ಣುಗಳ ನಿಗ್ರಹ, ಏಕಾಂತದ ಅಪಾಯ, ಜಪಸರ, ಉಪವಾಸ. ಒಮ್ಮೆ ತರಗತಿ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿ ಹಿಂದೆಯೇ ಬಂದು ಕೇಳಿದ: "ಫಾದರ್, ನೀವು ಹೇಳಿದ್ದರಲ್ಲಿ ಯಾರಿಂದ ದೂರ ಇರಬೇಕು ಅಂತ ಗೊತ್ತಾಯ್ತು. ಯಾರನ್ನ ಪ್ರೀತಿಸಬೇಕು, ಹೇಗೆ ಪ್ರೀತಿಸಬೇಕು ಅಂತ ಹೇಳಲಿಲ್ಲವಲ್ಲ?" ಅಂದು ನಮ್ಮಲ್ಲಿ ಉತ್ತರವಿರಲಿಲ್ಲ.

ಉತ್ತರ ಪರಂಪರೆಯಲ್ಲೇ ಇತ್ತು. ಕಾಸ್ಸಿಯಾನುಸರು ನಿಗ್ರಹ ಬೇರೆ, ಶುದ್ಧತೆ ಬೇರೆ ಎನ್ನುತ್ತಾರೆ. ನಿಗ್ರಹದಲ್ಲಿ ಹೋರಾಟವಿದೆ, ಶುದ್ಧತೆ ಪ್ರೀತಿಯ ಮೇಲೆ ನಿಂತಿದೆ, ಅದರಲ್ಲಿ ಸಂತೋಷವಿದೆ. ಸಂತ ಥಾಮಸ್ ಅಕ್ವಿನಾಸರು ಮಿತಿಯನ್ನು ಸದ್ಗುಣವೆಂದು ಕರೆದು, ಯಾವ ಸುಖವನ್ನೂ ಸ್ಪಂದಿಸದ ಜಡತೆಯನ್ನು ದೋಷವೆಂದೇ ಎಣಿಸಿದರು. ಎರಡನೆಯ ಜಾನ್ ಪೌಲ್ ಜಗದ್ಗುರುಗಳು 1979ರಿಂದ 1984ರವರೆಗೆ ನೀಡಿದ ಬುಧವಾರದ ಉಪದೇಶಗಳಲ್ಲಿ, ಕಾಮದ ನೋಟ ಕೆಟ್ಟದ್ದಾಗುವುದು ಅದು ವ್ಯಕ್ತಿಯನ್ನು ಬಳಕೆಯ ವಸ್ತುವಾಗಿಸುವುದರಿಂದ ಎಂದು ವಿವರಿಸಿದರು. ಆದ್ದರಿಂದ ಶುದ್ಧತೆಯ ಪರೀಕ್ಷೆ ಒಂದೇ: ನನ್ನ ಎದುರಿಗಿರುವವರು ನನಗೆ ಹೆಸರುಳ್ಳ ವ್ಯಕ್ತಿಯಾಗಿ ಕಾಣುತ್ತಿದ್ದಾರೆಯೇ, ಇಲ್ಲವೇ?

ಇಂದು ಶೋಧನೆ ಮೊಬೈಲಿನೊಳಗೆ ಕುಳಿತಿದೆ. ಅಲ್ಲಿ ಕಾಣುವ ದೇಹಗಳಿಗೆ ಹೆಸರಿಲ್ಲ, ತಾಯಿತಂದೆಯರಿಲ್ಲ, ದುಃಖವಿಲ್ಲ. ನೋಡುವವನಿಗೆ ಅದೇ ಅನುಕೂಲ. ಅಂಥ ಹುಡುಗನಿಗೆ ಬೈಗುಳ ಉಪಯೋಗಕ್ಕೆ ಬರುವುದಿಲ್ಲ. ಅಬ್ಬಾ ಅಪೊಲ್ಲೋ ಅವರಂತೆ ಕಿವಿಗೊಡುವ ಒಬ್ಬ ಹಿರಿಯ, ಬಿದ್ದಷ್ಟು ಸಲವೂ ಎಬ್ಬಿಸುವ ಸಂಸ್ಕಾರ, ಪರಮಪ್ರಸಾದ, ದುಡಿಮೆ, ಗೆಳೆತನ, ಬಡವರ ಸೇವೆ ಇವು ಅವನಿಗೆ ಬೇಕು. ಜೊತೆಗೆ, ಪರದೆಯ ಮೇಲಿನ ಆ ಹೆಣ್ಣಿಗಾಗಿ ಪ್ರಾರ್ಥಿಸಲು ನಾವು ಈಗ ವಿದ್ಯಾರ್ಥಿಗಳಿಗೆ ಹೇಳುತ್ತೇವೆ. ಪ್ರಾರ್ಥನೆಯಲ್ಲಿ ನೆನೆದವಳನ್ನು ವಸ್ತುವಾಗಿ ನೋಡುವುದು ಕಷ್ಟ. ಇದು ಮಂತ್ರದಂತೆ ತಕ್ಷಣ ಫಲಿಸುವುದಿಲ್ಲ. ಅಮ್ಮಾ ಸಾರಾ ಅವರಿಗೆ ಹದಿಮೂರು ವರ್ಷ ಬೇಕಾಯಿತು.

ಸೂಳೆಕೆರೆಯನ್ನು ಕಟ್ಟಿದವರು ಹರಿದ್ರಾ ಹಳ್ಳವನ್ನು ಬತ್ತಿಸಲಿಲ್ಲ. ಏರಿ ಕಟ್ಟಿ ನಿಲ್ಲಿಸಿ, ತೂಬಿನ ಮೂಲಕ ಹೊಲಗಳಿಗೆ ಬಿಟ್ಟರು; ಹೆಚ್ಚಿನ ನೀರು ಇಂದಿಗೂ ಹರಿದುಹೋಗಿ ಹರಿಹರದಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಆ ಹರಿಹರದಲ್ಲೇ ಆರೋಗ್ಯಮಾತೆಯ ಪುಣ್ಯಕ್ಷೇತ್ರವಿದೆ. ಈ ಸೀಮೆಯ ಕ್ರೈಸ್ತರೂ ಕ್ರೈಸ್ತೇತರರೂ ಅಲ್ಲಿಗೆ ಹರಕೆ ಹೊತ್ತು ಹೋಗುತ್ತಾರೆ. ಮುಂದಿನ ಸಲ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ಯುವಾಗ ದಾರಿಯಲ್ಲಿ ಕೆರೆಯ ಏರಿಯ ಮೇಲೆ ನಿಲ್ಲಬೇಕೆಂದುಕೊಂಡಿದ್ದೇವೆ. ಅಲ್ಲಿ ಶಾಂತವ್ವೆಯನ್ನೂ, ಭೂಮಿ ಬಿಟ್ಟುಕೊಟ್ಟ ಆ ಸ್ತ್ರೀಯರನ್ನೂ, ಅಗುಸ್ತೀನರ ಮಗನ ತಾಯಿಯನ್ನೂ ದೇವರ ಮುಂದೆ ನೆನೆದು ಒಂದು ಪ್ರಾರ್ಥನೆ ಸಲ್ಲಿಸಬೇಕು. ಕೆರೆಯ ಹೆಸರನ್ನು, ಆ ಹಿರಿಯರು ಹೇಳಿಕೊಟ್ಟಂತೆ, ಈ ಸಲ ತಡವರಿಸದೆ ಹೇಳಬೇಕು.